ತಂಬೂರಿ ಮೊದಲು ಕೇಳಿಸಲಿ

ಒಳ್ಳೆಯ ಹೆಡ್‌ಫೋನ್ ಒಂದನ್ನು ಕೊಂಡು ಕೆಲವು ವರ್ಷ ಅದರಲ್ಲೇ ಸಂಗೀತ ಕೇಳಿದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಮುಂದಿನದು ಯಾವುದು? ಮನೆಯಲ್ಲಿ ಸೆನ್‌ಹೈಸರ್ ಎಚ್‌ಡಿ 600 ಇದೆ, ಇಲ್ಲವೇ ಬೇಯರ್‌ಡೈನಮಿಕ್ ಡಿಟಿ 880 ಇದೆ. ಅದಕ್ಕೊಂದು ಪುಟ್ಟ ಆಂಪ್ಲಿಫೈಯರ್ ಕೂಡ ಇದೆ. ಮಕ್ಕಳ ಫೀಸು, ಮನೆಯ ಕಂತು ಎಲ್ಲ ಕಳೆದು ಒಂದಿಷ್ಟು ದುಡ್ಡು ಕೂಡಿದೆ. ಒಂದು ಮೆಟ್ಟಿಲು ಮೇಲೆ ಹತ್ತೋಣವೆಂದು ಹೊರಟರೆ ಎದುರಿಗೆ ನಿಲ್ಲುವುದು ಎಂಬತ್ತು ಸಾವಿರದಿಂದ ನಾಲ್ಕೈದು ಲಕ್ಷ ರೂಪಾಯಿವರೆಗಿನ ಸಾಲು. ಪ್ರತಿಯೊಂದಕ್ಕೂ ಸಿಗುವ ಹೊಗಳಿಕೆ ಒಂದೇ: ಈವರೆಗೆ ಕೇಳಿಸದೇ ಇದ್ದದ್ದು ಇದರಲ್ಲಿ ಕೇಳಿಸುತ್ತದೆ.

ಶಾಸ್ತ್ರೀಯ ಸಂಗೀತ ಕೇಳುವವರು ಈ ಮಾತಿಗೆ ಮರುಳಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳಿಸದ್ದು ಆಮೇಲೆ ಕೇಳಿಸಲಿ. ಕೇಳಿಸಬೇಕಾದದ್ದು ಮೊದಲು ಸರಿಯಾಗಿ ಕೇಳಿಸಬೇಕು. ಅದರಲ್ಲೂ ಮೊದಲನೆಯದು ತಂಬೂರಿ. ಅಂಗಡಿಯಲ್ಲಿ ಹಾಕಿಕೊಡುವ ಥಳುಕಿನ ತುಣುಕುಗಳನ್ನು ಬದಿಗಿಟ್ಟು, ಎರಡು ನಿಮಿಷ ಬರೀ ತಂಬೂರಿ ಹಾಕಿಸಿಕೊಳ್ಳಿ. ಅದರಲ್ಲಿ ಪಾಸಾಗದ ಹೆಡ್‌ಫೋನ್ ಎಷ್ಟೇ ಬೆಲೆಯದಾಗಿರಲಿ, ಕೆಳಗಿಟ್ಟು ಬಿಡಿ.

ಯಾಕೆ ತಂಬೂರಿ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಿಳಿ ಒಂದರ ಶ್ರುತಿಗೆ ಸೇರಿಸಿದ ಗಂಡು ತಂಬೂರಿಯಲ್ಲಿ ಪಂಚಮದ ತಂತಿ ಸುಮಾರು 98 ಹರ್ಟ್ಜ್, ನಡುವಿನ ಎರಡು ಷಡ್ಜಗಳು 131 ಹರ್ಟ್ಜ್, ಮಂದ್ರ ಷಡ್ಜ 65 ಹರ್ಟ್ಜ್. ಲೆಕ್ಕಕ್ಕೆ ಇಷ್ಟೇ. ಆದರೆ ಮೀಟಿದಾಗ ಕೇಳಿಸುವುದು ಈ ಸಂಖ್ಯೆಗಳಲ್ಲ. ತಂತಿಯ ಕೆಳಗೆ, ಅಗಲವಾದ ಕುದುರೆಯ ಮೇಲೆ ಒಂದೆಳೆ ದಾರ ತೂರಿಸಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಯಾವುದೋ ಒಂದು ಜಾಗದಲ್ಲಿ ಮೊಂಡಾಗಿದ್ದ ತಂತಿ ತಟ್ಟನೆ ಝೇಂಕರಿಸತೊಡಗುತ್ತದೆ. ಒಂದರ ಹಿಂದೊಂದು ಉಪಸ್ವರಗಳು ಅರಳುತ್ತವೆ. ಮೀಟಿದ ಕ್ಷಣದಲ್ಲಿ ಮೇಲಿನವು ಮಿನುಗಿ, ನಾದ ಇಳಿಯುತ್ತಾ ಬಂದಂತೆ ಕೆಳಗಿನವು ಮುಂದಕ್ಕೆ ಬರುತ್ತವೆ. ಮಂದ್ರ ತಂತಿಯ ಐದನೆಯ ಉಪಸ್ವರ 327 ಹರ್ಟ್ಜ್ ಹತ್ತಿರ ಬೀಳುತ್ತದೆ. ಅದೇ ಅಂತರ ಗಾಂಧಾರ. ಯಾರೂ ಮೀಟದ ಆ ಗಾಂಧಾರ ತಾನಾಗಿಯೇ ಮೇಲೆ ತೇಲಿ ಬಂದರೆ ತಂಬೂರಿ ಕೂಡಿತು ಎಂದು ಹಾಡುಗಾರರು ತಲೆದೂಗುತ್ತಾರೆ.

ಇದರ ಹಿಂದಿನ ಭೌತಶಾಸ್ತ್ರವನ್ನು ಮೊದಲು ಗಂಭೀರವಾಗಿ ಹಿಡಿದವರು ಸಿ.ವಿ. ರಾಮನ್. ಕೋಲ್ಕತ್ತದಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆ ಅವರೊಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಯೂರೋಪಿನಿಂದ ಬಂದ ನಿಯಮ. ನಮ್ಮ ವಾದ್ಯಗಳಲ್ಲಿ ಅವು ಗಟ್ಟಿಯಾಗಿಯೇ ಹುಟ್ಟುತ್ತವೆ, ಬಾಗಿದ ಕುದುರೆಯ ಮೈಗೆ ತಂತಿ ಸವರಿಕೊಂಡು ಅಲುಗುವುದೇ ಅದಕ್ಕೆ ಕಾರಣ ಎಂದು ರಾಮನ್ ತೋರಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೂ ಈ ಆಸಕ್ತಿ ಬಿಡಲಿಲ್ಲ. ಮರುವರ್ಷವೇ ಮೃದಂಗ, ತಬಲಗಳ ಮೇಲೆ ಬರೆದರು. ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆಯ ಭಾರದಿಂದಾಗಿ ಚರ್ಮದ ವಾದ್ಯವೂ ತಂತಿವಾದ್ಯದಂತೆ ಸ್ವರಬದ್ಧ ಉಪಸ್ವರಗಳನ್ನು ಕೊಡುತ್ತದೆ ಎಂಬುದು ಅವರ ತೀರ್ಮಾನ. ನಮ್ಮ ಸಂಗೀತದ ಜೀವ ಉಪಸ್ವರಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಹೆಡ್‌ಫೋನಿಗೆ ಬನ್ನಿ. 65ರಿಂದ ಹಿಡಿದು ಕೆಲವು ಸಾವಿರ ಹರ್ಟ್ಜ್‌ವರೆಗೆ ಹಬ್ಬಿದ ಈ ಉಪಸ್ವರಗಳ ಪರಸ್ಪರ ಪ್ರಮಾಣ ಕೆಟ್ಟರೆ ತಂಬೂರಿ ತಂಬೂರಿಯಾಗಿ ಉಳಿಯುವುದಿಲ್ಲ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಮಂದ್ರ ತಂತಿ ಗುಂಯ್‌ಗುಡುತ್ತಾ ಗಾಂಧಾರವನ್ನು ಮುಳುಗಿಸುತ್ತದೆ. ಟ್ರೆಬಲ್ ಎತ್ತಿದ್ದರಲ್ಲಿ ಝೇಂಕಾರ ತಗಡಿನ ಸದ್ದಿನಂತಾಗುತ್ತದೆ. ನಡುವೆ ತಗ್ಗಿದ್ದರೆ ತಂಬೂರಿ ಪಕ್ಕದ ಕೋಣೆಯಲ್ಲಿದ್ದ ಹಾಗೆ. ಪ್ರಮಾಣ ಸರಿಯಿದ್ದಾಗ ಮಾತ್ರ ನಾಲ್ಕು ತಂತಿಗಳು ಬೇರೆ ಬೇರೆಯಾಗಿ ಕೇಳಿಸುತ್ತಲೇ ಒಂದೇ ನಾದವಾಗಿ ಸುತ್ತುತ್ತವೆ. ಇಷ್ಟು ಕಟ್ಟುನಿಟ್ಟಾದ, ಇಷ್ಟು ಸುಲಭವಾಗಿ ಸಿಗುವ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ.

ಹೆಡ್‌ಫೋನ್ ತಯಾರಕರಿಗೆ ಅತಿ ಕಷ್ಟದ ಜಾಗವೆಂದರೆ 3,000 ಹರ್ಟ್ಜ್ ಸುತ್ತಮುತ್ತ. ನಮ್ಮ ಹೊರಕಿವಿ ಮತ್ತು ಕಿವಿಯ ನಾಳದ ರಚನೆಯೇ ಅಲ್ಲಿನ ಸದ್ದನ್ನು ಹತ್ತು ಡೆಸಿಬಲ್‌ಗೂ ಹೆಚ್ಚು ಎತ್ತಿ ಕಿವಿಪರದೆಗೆ ಮುಟ್ಟಿಸುತ್ತದೆ. ಹುಟ್ಟಿದಾರಭ್ಯ ಹಾಗೆಯೇ ಕೇಳುತ್ತಾ ಬಂದಿರುವುದರಿಂದ ಅದು ನಮಗೆ ಸಹಜ. ಕಿವಿಗೇ ಒತ್ತಿಕೊಂಡು ಕೂರುವ ಹೆಡ್‌ಫೋನ್ ಇದೇ ಏರಿಕೆಯನ್ನು ಅಷ್ಟೇ ಪ್ರಮಾಣದಲ್ಲಿ ಮರಳಿಸಬೇಕು. ಕಡಿಮೆಯಾದರೆ ಹಾಡುಗಾರ ಹಿಂದಕ್ಕೆ ಸರಿಯುತ್ತಾನೆ, ಪಿಟೀಲಿನ ಕಮಾನಿಗೆ ರಾಳವೇ ಹಚ್ಚಿಲ್ಲವೇನೋ ಅನ್ನಿಸುತ್ತದೆ. ಹೆಚ್ಚಾದರೆ ತಾರಸ್ಥಾಯಿ ಕಿರುಚುತ್ತದೆ. ಲಕ್ಷ ದಾಟಿದ ಹೆಡ್‌ಫೋನ್‌ಗಳೂ ಇಲ್ಲಿ ಎಡವುವುದುಂಟು. ಆಡೀಜಿ ಕಂಪನಿಯ ಎಲ್‌ಸಿಡಿ-2 ಈ ಜಾಗದಲ್ಲಿ ತಗ್ಗು. ಅದರ ಬೇಸ್ ಆಳವಾದದ್ದು, ದನಿ ಮೃದುವಾದದ್ದು, ಗಂಟೆಗಟ್ಟಲೆ ಕೇಳಿದರೂ ದಣಿವಿಲ್ಲ. ಆದರೆ ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿನ ಆ ಹರಿತ, ರಾಗದಿಂದ ರಾಗಕ್ಕೆ ಉಸಿರು ಬಿಡದೆ ನುಗ್ಗುವ ಆ ರಭಸ ಅದರಲ್ಲಿ ಸ್ವಲ್ಪ ಮೆತ್ತಗಾಗಿಬಿಡುತ್ತದೆ. ಹೈಫೈಮನ್‌ನ ಅನೇಕ ಮಾದರಿಗಳಲ್ಲಿ 1,000ದಿಂದ 2,000 ಹರ್ಟ್ಜ್ ನಡುವೆ ಸಣ್ಣದೊಂದು ತಗ್ಗಿರುತ್ತದೆ. ಅದರಿಂದ ಸಂಗೀತ ತುಸು ದೂರ ನಿಂತು ವಿಶಾಲವಾದಂತೆ ಕೇಳಿಸುತ್ತದೆ. ಆರ್ಕೆಸ್ಟ್ರಾಗೆ ಇದು ಹಿತ, ಒಂಟಿ ಕಂಠಕ್ಕೆ ಅಷ್ಟು ಹಿತವಲ್ಲ.

ಸೆನ್‌ಹೈಸರ್ ಎಚ್‌ಡಿ 600 ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಇಷ್ಟು ವರ್ಷಗಳಾದರೂ ಅದನ್ನು ತಯಾರಿಸುವುದು ನಿಂತಿಲ್ಲ. ಕಾರಣ ಇದೇ: ನಡುಸ್ಥಾಯಿಯಲ್ಲಿ, ಅಂದರೆ ಮನುಷ್ಯ ಕಂಠ, ಪಿಟೀಲು, ಕೊಳಲು, ವೀಣೆಗಳು ಬದುಕುವ ಜಾಗದಲ್ಲಿ ಅದು ಪ್ರಾಮಾಣಿಕ. 2003ರಲ್ಲಿ ಬಂದ ಅದರ ತಮ್ಮ ಎಚ್‌ಡಿ 650 ಅದಕ್ಕಿಂತ ಒಂದು ಎಳೆ ಬೆಚ್ಚಗೆ. ಎರಡರದ್ದೂ ದೊಡ್ಡ ಕೊರತೆ ಎಂದರೆ ಜಾಗ. ಸಂಗೀತವೆಲ್ಲ ತಲೆಯ ಸುತ್ತ ಒಂದು ಗೇಣಿನೊಳಗೆ ನಡೆದುಹೋಗುತ್ತದೆ. ಕೆಳಮಂದ್ರವೂ ಸ್ವಲ್ಪ ಕುಗ್ಗಿದ್ದೇ. ಮೂವರು ಕೂತು ಮಾಡುವ ಕಚೇರಿಗೆ ಇದು ಕೊರತೆಯೆಂದು ಅನ್ನಿಸುವುದೇ ಇಲ್ಲ. ಎಂಬತ್ತು ಜನ ಕೂತು ನುಡಿಸುವ ಸಿಂಫನಿಗೆ ಅನ್ನಿಸುತ್ತದೆ. ಹಾಗಾಗಿ ಮುಂದಿನ ಹೆಡ್‌ಫೋನ್ ಯಾವುದೆಂಬುದು, ನೀವು ಯಾವ ಶಾಸ್ತ್ರೀಯ ಸಂಗೀತ ಕೇಳುತ್ತೀರಿ ಎಂಬುದರ ಮೇಲೆಯೇ ನಿಂತಿದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಂದೊಡನೆ ನಮ್ಮದಲ್ಲ ಎಂದು ದೂರ ತಳ್ಳುವಂತಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರಿಲ್ಲದಿದ್ದರೆ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಸಂಗೀತವನ್ನು ತಾನೇ ಪಿಯಾನೊ ನುಡಿಸಿ ಆ ಪ್ರಮಾಣದಲ್ಲಿ ದಾಖಲಿಸಲು ಸಾಧ್ಯವೇ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ನಡೆದ ಆ ಧ್ವನಿಮುದ್ರಣಗಳ ಖರ್ಚು ಹೊತ್ತವರು ಮೈಸೂರಿನ ಮಹಾರಾಜರು. ಕೃತಜ್ಞತೆಯಿಂದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಅವರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದಾಗ ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದ್ದು ಫುರ್ಟ್‌ವೆಂಗ್ಲರ್. ಅದಕ್ಕೂ ಹಣದ ಆಸರೆ ಮೈಸೂರಿನದೇ. ಆ ಹಳೆಯ ಮುದ್ರಣಗಳು ಇಂದು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಕನ್ನಡದ ಕೇಳುಗರು ಒಮ್ಮೆಯಾದರೂ ಕಿವಿಗೊಡಬೇಕಾದ ಮುದ್ರಣಗಳವು.

ಆರ್ಕೆಸ್ಟ್ರಾವನ್ನೇ ಹೆಚ್ಚಾಗಿ ಕೇಳುವವರಿಗೆ ಜಾಗ ಮುಖ್ಯ. ಸೆನ್‌ಹೈಸರ್ 2009ರಲ್ಲಿ ತಂದ ಎಚ್‌ಡಿ 800 ಈ ವಿಷಯದಲ್ಲಿ ಹೊಸ ದಾರಿ ತೆರೆಯಿತು. 56 ಮಿಲಿಮೀಟರಿನ ಉಂಗುರದಾಕಾರದ ಡ್ರೈವರ್, ಕಿವಿಯಿಂದ ದೂರವಾಗಿ, ಮುಂದಿನಿಂದ ಓರೆಯಾಗಿ ಕೂರಿಸಿದ್ದು. ಹಿಂದಿನ ಸಾಲಿನ ಕಹಳೆಗಳು ಹಿಂದೆಯೇ, ಎಡಗಡೆಯ ಪಿಟೀಲುಗಳು ಎಡಗಡೆಯೇ ನಿಲ್ಲುತ್ತವೆ. ಆದರೆ 6,000 ಹರ್ಟ್ಜ್ ಬಳಿ ಅದರಲ್ಲೊಂದು ಚೂಪು ಶಿಖರವಿತ್ತು. ಮೂವತ್ತು ಪಿಟೀಲುಗಳು ಒಟ್ಟಿಗೆ ಗಟ್ಟಿಯಾಗಿ ನುಡಿಸಿದಾಗ ಕಿವಿಗೆ ಸೂಜಿ ಚುಚ್ಚಿದ ಅನುಭವ. 2016ರ ಎಚ್‌ಡಿ 800 ಎಸ್‌ನಲ್ಲಿ ಆ ಶಿಖರವನ್ನು ಹೀರಿಕೊಳ್ಳುವ ಪುಟ್ಟ ಅನುರಣನ ಕೋಶವೊಂದನ್ನು ಸೇರಿಸಿದರು. ತೂಕ 330 ಗ್ರಾಂ ಅಷ್ಟೇ. ತಲೆಯ ಮೇಲೆ ಇದೆಯೋ ಇಲ್ಲವೋ ಎಂಬಂತೆ ಕೂರುತ್ತದೆ. ಮಾಹ್ಲರ್, ಬ್ರೂಕ್ನರ್, ವಾಗ್ನರ್ ಕೇಳುವವರು ಲಕ್ಷದ ಮೇಲೆ ಖರ್ಚು ಮಾಡುವುದೇ ಆದರೆ ನಾನು ಮೊದಲು ಹೇಳುವ ಹೆಸರು ಇದು.

ಆದರೆ ಇದೇ ಹೆಡ್‌ಫೋನಿನಲ್ಲಿ ಕಿಕ್ಕಿರಿದ ಸಭಾಂಗಣವೊಂದರ ಹಳೆಯ ಕಚೇರಿ ಹಾಕಿದರೆ ಪಿಟೀಲಿನ ಪಿಕಪ್ ಗೀರು, ಟೇಪಿನ ಹಿಸ್ಸು, ಮೈಕಿನ ಮುಂದೆ ಸರಿಸಿದ ಕಾಗದ, ಎಲ್ಲವೂ ಮುಂದಕ್ಕೆ ಬಂದು ಕೂರುತ್ತವೆ. ಮಂದ್ರದ ತುಂಬು ಸಾಲದೆ ಗಾಯಕನ ಎದೆಯ ದನಿ ತೆಳ್ಳಗಾಗುತ್ತದೆ. ತಂಬೂರಿ ಸ್ಪಷ್ಟವಾಗಿರುತ್ತದೆ, ಬೆಚ್ಚಗಿರುವುದಿಲ್ಲ. ಆರ್ಕೆಸ್ಟ್ರಾಗೆ ಅದು ಎಷ್ಟು ಒಳ್ಳೆಯದೋ ನಮ್ಮ ಕಚೇರಿಗೆ ಅಷ್ಟು ಒಗ್ಗುವುದಿಲ್ಲ. ಇಷ್ಟು ದೊಡ್ಡ ಹೆಸರಿನ ಹೆಡ್‌ಫೋನಿನ ಬಗ್ಗೆ ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ತಂಬೂರಿ ಹಾಕಿ ಕೇಳಿ ಎಂಬುದೇ ನನ್ನ ಉತ್ತರ.

ವೀಣೆ ಕೇಳುವವರಿಗೆ ಇನ್ನೊಂದು ಕಡೆ ಗಮನ ಬೇಕು. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ಮುದ್ರಣ ಯಾವುದಾದರೂ ಸಿಕ್ಕರೆ ಒಂದು ವಿಳಂಬ ಆಲಾಪನೆ ಹಾಕಿಕೊಳ್ಳಿ. ಬೆರಳು ಮೀಟಿದ ಟಕ್ಕೆಂಬ ಸದ್ದು ಒಂದು ಕ್ಷಣ. ಆಮೇಲೆ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು ತೆಗೆಯುವ ಗಮಕವೆಲ್ಲ ನಡೆಯುವುದು ಆ ನಾದ ಕರಗುತ್ತಿರುವಾಗ. ಎರಡನೆಯ, ಮೂರನೆಯ ಸ್ವರ ಬರುವ ಹೊತ್ತಿಗೆ ತಂತಿಯಲ್ಲಿ ಉಳಿದಿರುವ ಶಕ್ತಿ ತೀರಾ ಕಡಿಮೆ. ರಾಗದ ಚಹರೆ ಇರುವುದು ಮಾತ್ರ ಅಲ್ಲೇ. ಒಳ್ಳೆಯ ಹೆಡ್‌ಫೋನ್ ಈ ಬಾಲವನ್ನು ಕೊನೆಯ ತುದಿಯವರೆಗೆ ಹಿಡಿದುಕೊಡುತ್ತದೆ. ಸಾಧಾರಣದ್ದರಲ್ಲಿ ಮೀಟು ಮಾತ್ರ ಎದ್ದು ಕಾಣುತ್ತದೆ, ಗಮಕ ಮಸುಕಾಗುತ್ತದೆ. ಈ ವಿಷಯದಲ್ಲಿ ಒಳ್ಳೆಯ ಪ್ಲಾನರ್ ಮತ್ತು ಸ್ಥಾಯಿವಿದ್ಯುತ್ (ಎಲೆಕ್ಟ್ರೋಸ್ಟಾಟಿಕ್) ಹೆಡ್‌ಫೋನ್‌ಗಳಿಗೆ ನಾನು ತಲೆಬಾಗುತ್ತೇನೆ.

ಪ್ಲಾನರ್ ಎಂದರೆ ತೆಳುವಾದ ಚಪ್ಪಟೆ ಪರದೆಯ ಉದ್ದಗಲಕ್ಕೆ ವಾಹಕ ಗೆರೆಗಳನ್ನು ಎಳೆದು ಅಯಸ್ಕಾಂತಗಳ ಪಕ್ಕ ನಿಲ್ಲಿಸಿದ ರಚನೆ. ಇಡೀ ಪರದೆ ಒಟ್ಟಿಗೆ ಅಲುಗುತ್ತದೆ. ಸ್ಥಾಯಿವಿದ್ಯುತ್ತಿನದು ಇನ್ನೂ ಸೂಕ್ಷ್ಮ. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲೇ ಇಂಥದ್ದನ್ನು ಮಾರಾಟಕ್ಕೆ ತಂದಿತ್ತು. ಇಂದಿನ ಮಾದರಿಗಳಲ್ಲಿ ಒಂದೆರಡು ಮೈಕ್ರಾನ್ ದಪ್ಪದ ಹಾಳೆ, ಅದಕ್ಕೆ 580 ವೋಲ್ಟ್ ಬಯಾಸ್. ಸಾಮಾನ್ಯ ಆಂಪ್ಲಿಫೈಯರ್ ಇದಕ್ಕೆ ಆಗುವುದಿಲ್ಲ, ಅದರದ್ದೇ ಆದ ಡ್ರೈವರ್ ಯೂನಿಟ್ ಬೇಕು. ಸ್ಟ್ಯಾಕ್ಸ್‌ನಲ್ಲಿ ಹಾರ್ಪ್ಸಿಕಾರ್ಡ್, ಸ್ಟ್ರಿಂಗ್ ಕ್ವಾರ್ಟೆಟ್, ವೀಣೆ, ಸಂತೂರ್ ಕೇಳುವುದು ಬಲು ದೊಡ್ಡ ಸುಖ. ತಂಬೂರಿಯ ಒಂದೊಂದು ಉಪಸ್ವರವೂ ಬಿಡಿಬಿಡಿಯಾಗಿ ಅರಳುವುದನ್ನು ನಾನು ಇಷ್ಟು ಚೆನ್ನಾಗಿ ಬೇರೆಲ್ಲೂ ಕೇಳಿಲ್ಲ. ಒಂದೇ ಎಚ್ಚರಿಕೆ ತೇವದ್ದು. ಗಾಳಿಯಲ್ಲಿ ತೇವ ಹೆಚ್ಚಾದರೆ ಈ ಜಾತಿಯ ಹೆಡ್‌ಫೋನ್‌ಗಳು ಚರಪರ ಎನ್ನುವುದು, ಒಂದು ಕಿವಿ ತಗ್ಗಿ ಕೇಳಿಸುವುದು ಉಂಟು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಡಿಕೇರಿಯವರು ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದೇ ಮುಂದುವರಿಯಬೇಕು.

ಫ್ರಾನ್ಸಿನ ಫೋಕಲ್ 2016ರಲ್ಲಿ ತಂದ ಯುಟೋಪಿಯ, ಹೈಫೈಮನ್‌ನ ಸುಸ್ವಾರ, ರೊಮೇನಿಯದ ಮೇಜ಼ೆ ಎಂಪೀರಿಯನ್ ಇವೆಲ್ಲ ದೊಡ್ಡ ಹೆಸರುಗಳು. ಯುಟೋಪಿಯದ ಬೆರಿಲಿಯಂ ಡೋಮ್ ಮೃದಂಗದ ಚಾಪು, ಅರೆಚಾಪುಗಳನ್ನು ಕೊಡುವ ರೀತಿ ಬೆರಗು ಹುಟ್ಟಿಸುವಂಥದ್ದು. ಆದರೆ ಅದು ಸುಮಾರು 490 ಗ್ರಾಂ ತೂಗುತ್ತದೆ. ಒಂದು ರಾಗ–ತಾನ–ಪಲ್ಲವಿ ಮುಗಿಯುವಷ್ಟರಲ್ಲಿ ಕುತ್ತಿಗೆಗೆ ಗೊತ್ತಾಗುತ್ತದೆ. ಸುಸ್ವಾರದ ಸಂವೇದನೆ ಬರೀ 83 ಡೆಸಿಬಲ್, ಅದಕ್ಕೆ ಸ್ಪೀಕರ್ ನಡೆಸುವಂಥ ಆಂಪ್ಲಿಫೈಯರನ್ನೇ ಹಚ್ಚುವವರಿದ್ದಾರೆ. ಹೆಡ್‌ಫೋನಿನ ಬೆಲೆಯಷ್ಟೇ ನೋಡಿ ಕೊಂಡವರಿಗೆ ಈ ಎರಡನೆಯ ಖರ್ಚು ಆಮೇಲೆ ಬರುತ್ತದೆ.

ಹೆಡ್‌ಫೋನಿನಷ್ಟೇ ಮುಖ್ಯವಾದದ್ದು ಕೇಳುವ ಮುದ್ರಣ. ನಮ್ಮ ಶಾಸ್ತ್ರೀಯ ಸಂಗೀತದ ಬೆಲೆಬಾಳುವ ಭಾಗವೆಲ್ಲ ಇರುವುದು ಹಳೆಯ ಮುದ್ರಣಗಳಲ್ಲಿ. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದಾಗ ಎದುರಿಗಿದ್ದದ್ದು ಮೈಕಲ್ಲ, ಒಂದು ಲೋಹದ ತುತ್ತೂರಿ. ಆಕೆ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡರು. ವಿದ್ಯುತ್ ಮೈಕಿನ ಧ್ವನಿಮುದ್ರಣ ಶುರುವಾದದ್ದೇ 1925ರಿಂದ ಈಚೆಗೆ. ಅದಕ್ಕೂ ಮೊದಲಿನ ತಟ್ಟೆಗಳಲ್ಲಿ ಇರುವ ಸ್ವರವ್ಯಾಪ್ತಿಯೇ ಕಿರಿದು. ಆಮೇಲಿನ ಆಕಾಶವಾಣಿಯ ಟೇಪುಗಳು, ಸಭೆಗಳಲ್ಲಿ ರಸಿಕರು ಮಾಡಿಕೊಂಡ ಕ್ಯಾಸೆಟ್ಟುಗಳು, ಇವುಗಳಲ್ಲೂ 8–10 ಸಾವಿರ ಹರ್ಟ್ಜ್‌ನಿಂದ ಮೇಲೆ ಸಂಗೀತಕ್ಕಿಂತ ಹಿಸ್ಸೇ ಹೆಚ್ಚು. ಹೊಳಪು ಹೆಚ್ಚಿದ ಹೆಡ್‌ಫೋನ್ ಆ ಹಿಸ್ಸನ್ನು ಸಿಂಗರಿಸಿ ಕೊಡುತ್ತದೆ. ನಡುಸ್ಥಾಯಿ ಚೆನ್ನಾಗಿರುವ ಹೆಡ್‌ಫೋನ್ ಅದರ ಹಿಂದಿರುವ ಮನುಷ್ಯನನ್ನು ಕೊಡುತ್ತದೆ. ಮನ್ಸೂರ್, ಚೌಡಯ್ಯ, ಗಂಗೂಬಾಯಿ ಹಾನಗಲ್ ಅವರನ್ನೆಲ್ಲ ಕೇಳಿಕೊಂಡೇ ಬದುಕುವ ನಮ್ಮಂಥವರಿಗೆ ಯಾವುದು ಬೇಕು ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ತೊಡಕು ಸ್ಟೀರಿಯೊದ್ದು. ಕರ್ನಾಟಕ ಸಂಗೀತದ ಎಷ್ಟೋ ಸ್ಟುಡಿಯೊ ಆಲ್ಬಮ್ಮುಗಳಲ್ಲಿ ಗಾಯನ ನಡುವೆ, ಪಿಟೀಲು ಪೂರ್ತಿ ಒಂದು ಕಡೆ, ಮೃದಂಗ ಪೂರ್ತಿ ಇನ್ನೊಂದು ಕಡೆ. ಸ್ಪೀಕರಿನಲ್ಲಿ ಇದು ತೊಂದರೆಯಲ್ಲ, ಎಡದ ಸ್ಪೀಕರಿನ ಸದ್ದು ಬಲಗಿವಿಗೂ ಬರುತ್ತದೆ. ಹೆಡ್‌ಫೋನಿನಲ್ಲಿ ಹಾಗೆ ಬೆರೆಯುವುದಿಲ್ಲ. ತನಿ ಆವರ್ತನವಿಡೀ ಬಲಗಿವಿಯೊಳಗೇ ನಡೆದರೆ ಎಂಥ ರಸಿಕನಿಗೂ ತಲೆ ಭಾರವಾಗುತ್ತದೆ. ಇದಕ್ಕೆ ಕ್ರಾಸ್‌ಫೀಡ್ ಎಂಬ ಪರಿಹಾರವನ್ನು ಬೆಂಜಮಿನ್ ಬಾವರ್ ಎಂಬ ಎಂಜಿನಿಯರ್ 1961ರಲ್ಲೇ ವಿವರಿಸಿದ್ದರು: ಒಂದು ಕಡೆಯ ಸದ್ದನ್ನು ತುಸು ತಗ್ಗಿಸಿ, ತುಸು ತಡಮಾಡಿ ಇನ್ನೊಂದು ಕಿವಿಗೂ ಬೆರೆಸುವುದು. ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್‌ನಲ್ಲಿ ಇದು ಒಳಗೇ ಇದೆ. ಕಂಪ್ಯೂಟರಿನಲ್ಲಿ ಸಂಗೀತ ಕೇಳುವವರಿಗೆ ಉಚಿತ ತಂತ್ರಾಂಶಗಳೂ ಸಿಗುತ್ತವೆ. ಹೊಸ ಹೆಡ್‌ಫೋನಿಗೆ ಲಕ್ಷ ಸುರಿಯುವ ಮುನ್ನ ಹಳೆಯದಕ್ಕೇ ಕ್ರಾಸ್‌ಫೀಡ್ ಹಾಕಿ ಕೇಳಿ. ನಿಮಗೆ ಬೇಕಿದ್ದ ಬದಲಾವಣೆ ಅದೇ ಇರಬಹುದು.

ಮೃದಂಗದ ಮಾತು ಬಂತು. ಎಡಗಡೆಯ ತೊಪ್ಪಿಗೆ ರವೆ ಮೆತ್ತಿ ತೆಗೆಯುವ ಗುಮ್ಕಿ ಕೆಳಮಂದ್ರದಲ್ಲಿ ಜಾರುತ್ತಾ ಹೋಗುವ ನಾದ. ನಮ್ಮ ಸಭೆಗಳಲ್ಲಿ ಧ್ವನಿವರ್ಧಕಗಳು ಅದನ್ನು ಎದೆಗೆ ಗುದ್ದುವಷ್ಟು ದೊಡ್ಡದು ಮಾಡಿಬಿಟ್ಟಿವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳನ್ನು ಕೇಳಿಯೇ ಬೆಳೆದ ನಾವು ಆ ದೊಡ್ಡ ಮೃದಂಗವನ್ನೇ ನಿಜವಾದದ್ದೆಂದು ನಂಬಿದ್ದೇವೆ. ಸಾಧ್ಯವಾದರೆ ಯಾರದಾದರೂ ಮನೆಯ ಬೈಠಕ್ಕಿನಲ್ಲಿ, ಮೈಕಿಲ್ಲದೆ, ಆರೇಳು ಅಡಿ ದೂರ ಕೂತು ಒಮ್ಮೆ ಕೇಳಿ. ಗುಮ್ಕಿ ಎಷ್ಟು ಹಗುರ, ಬಲಗಡೆಯ ಮೀಟು ಎಷ್ಟು ಸುನಾದ ಎಂದು ಗೊತ್ತಾಗುತ್ತದೆ. ಹೆಡ್‌ಫೋನಿನ ಬೇಸ್ ಎಷ್ಟಿರಬೇಕು ಎಂಬುದಕ್ಕೆ ಆ ನೆನಪೇ ಅಳತೆಯಾಗಬೇಕು. ಹಾರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಮೆಚ್ಚುಗೆಯನ್ನು ಅಳೆದು ರೂಪಿಸಿದ ವಕ್ರರೇಖೆಯನ್ನು ಇಂದು ಅನೇಕ ತಯಾರಕರು ಮಾದರಿಯಾಗಿ ಹಿಡಿದಿದ್ದಾರೆ. ಅದು ಗೌರವಕ್ಕೆ ಅರ್ಹವಾದ ಕೆಲಸ. ಆದರೆ ಅದರಲ್ಲಿ ಬೇಸ್ ಕೆಲವು ಡೆಸಿಬಲ್ ಮೇಲೆದ್ದಿರುತ್ತದೆ. ನಮ್ಮ ಸಂಗೀತಕ್ಕೆ ನಾನು ಅದನ್ನು ಒಂದಿಷ್ಟು ಇಳಿಸಿಯೇ ಕೇಳುತ್ತೇನೆ.

ಕೇಬಲ್‌ಗಳ ಮೇಲೆ ದುಡ್ಡು ಹಾಕಬೇಡಿ. ಹೈ ರೆಸಲ್ಯೂಷನ್ ಫೈಲುಗಳ ಹಿಂದೆಯೂ ಓಡಬೇಕಿಲ್ಲ. 1982ರಿಂದ ನಮ್ಮ ಜೊತೆಗಿರುವ ಸಿ.ಡಿ.ಯ ಗುಣಮಟ್ಟ ಮನುಷ್ಯನ ಕಿವಿಯ ವ್ಯಾಪ್ತಿಯನ್ನು ಪೂರ್ತಿ ಹಿಡಿಯುತ್ತದೆ. ಆಂಪ್ಲಿಫೈಯರ್ ಮಾತ್ರ ನಿಜಕ್ಕೂ ಬೇಕು. 300 ಓಮ್‌ನ ಸೆನ್‌ಹೈಸರನ್ನು ನೇರವಾಗಿ ಮೊಬೈಲಿಗೆ ಚುಚ್ಚಿ ಕೇಳಿದರೆ ಅದಕ್ಕೆ ಬೇಕಾದ ವೋಲ್ಟೇಜ್ ಸಿಗುವುದಿಲ್ಲ. ಹಾಗೆಂದು ಅದಕ್ಕೂ ಲಕ್ಷ ಬೇಡ. ಸದ್ದು ಗದ್ದಲವಿಲ್ಲದ, ಶಕ್ತಿ ಸಾಕಷ್ಟಿರುವ ಆಂಪ್ ಹದಿನೈದಿಪ್ಪತ್ತು ಸಾವಿರದೊಳಗೆ ಇಂದು ಸಿಗುತ್ತದೆ.

ನಮ್ಮ ಮನೆಗಳ ವಿಚಾರ ಯಾವ ವಿದೇಶಿ ವಿಮರ್ಶೆಯಲ್ಲೂ ಬರುವುದಿಲ್ಲ. ಶಾಸ್ತ್ರೀಯ ಸಂಗೀತಕ್ಕೆ ಶಿಫಾರಸಾಗುವ ಒಳ್ಳೆಯ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಓಪನ್ ಬ್ಯಾಕ್, ಹಿಂಬದಿ ತೆರೆದವು. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಮೂಲಕ ಜನಪ್ರಿಯವಾದ ಈ ರಚನೆಯಲ್ಲಿ ನಾದ ಕಟ್ಟಿಹಾಕಿದಂತಾಗುವುದಿಲ್ಲ, ಗಾಳಿಯಾಡುತ್ತದೆ. ಹೊರಗಿನದೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಅಡುಗೆಮನೆಯಲ್ಲಿ ಮಿಕ್ಸಿ, ಕೆಳಗೆ ರಸ್ತೆಯಲ್ಲಿ ಹಾರ್ನು. ವೀಣೆಯ ಗಮಕದ ಬಾಲವನ್ನು ಹಿಡಿದುಕೊಡುವ ಲಕ್ಷದ ಹೆಡ್‌ಫೋನಿನ ಕೆಲಸವನ್ನು ಫ್ಯಾನಿನ ಗಾಳಿಯೊಂದೇ ಅಳಿಸಿಹಾಕುತ್ತದೆ. ಬೆಳಗಿನ ಐದು ಗಂಟೆಗೋ ರಾತ್ರಿ ಹನ್ನೊಂದರ ಮೇಲೋ, ಫ್ಯಾನು ಆರಿಸಿ ಕೂರಬಲ್ಲವರಿಗೆ ಓಪನ್ ಬ್ಯಾಕ್ ಸಾರ್ಥಕ. ಆಗದು ಎನ್ನುವವರು ಅಷ್ಟೇ ದುಡ್ಡಿಗೆ ಒಳ್ಳೆಯ ಮುಚ್ಚಿದ ಹೆಡ್‌ಫೋನ್ ಹುಡುಕುವುದು ಜಾಣತನ. ಡ್ಯಾನ್ ಕ್ಲಾರ್ಕ್ ಆಡಿಯೊದ ಮುಚ್ಚಿದ ಪ್ಲಾನರ್‌ಗಳಲ್ಲಿ ತಂಬೂರಿ ನನಗೆ ಸಮಾಧಾನ ಕೊಟ್ಟಿದೆ.

ಗದ್ದಲದ ಮನೆಯಲ್ಲಿ ಇನ್ನೊಂದು ಅಪಾಯವಿದೆ. ರಾವೆಲ್‌ನ ಬೊಲೆರೊ ಶುರುವಾಗುವುದು ಕೇಳಿಯೂ ಕೇಳಿಸದ ಸ್ನೇರ್ ಡ್ರಮ್ಮಿನಿಂದ. ಅದು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಹದಿನೈದು ನಿಮಿಷದ ಆಚೆ, ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಮೊಳಗುವಾಗ, ಕಿವಿಯ ಗತಿ ಏನು? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂದು ಮಿತಿ ಹಾಕಿದೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತದೆ. 90 ಡೆಸಿಬಲ್ ಆದರೆ ವಾರಕ್ಕೆ ಬರೀ ನಾಲ್ಕು ಗಂಟೆ. ಇಂಥ ಹೆಡ್‌ಫೋನ್ ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರಿಗೆ ನಲವತ್ತು ದಾಟಿರುತ್ತದೆ, ಮೇಲಿನ ಟ್ರೆಬಲ್ ಆಗಲೇ ಕುಂದಲು ಶುರುವಾಗಿರುತ್ತದೆ. ಉಳಿದಿರುವ ಕಿವಿಯನ್ನು ಜೋಪಾನ ಮಾಡಿಕೊಳ್ಳುವುದಕ್ಕಿಂತ ದೊಡ್ಡ ಅಪ್‌ಗ್ರೇಡ್ ಯಾವುದೂ ಇಲ್ಲ.

ಹಾಗಾದರೆ ಏನು ಕೊಳ್ಳಬೇಕು? ಕೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಂಫನಿ, ಒಪೆರಾ ಆಗಿದ್ದರೆ ಎಚ್‌ಡಿ 800 ಎಸ್. ವೀಣೆ, ಸಿತಾರ್, ಕ್ವಾರ್ಟೆಟ್ಟುಗಳೇ ಪ್ರಾಣವಾಗಿದ್ದು, ಒಣಹವೆಯ ಊರಿನಲ್ಲಿದ್ದು, ಪ್ರತ್ಯೇಕ ಡ್ರೈವರ್ ಯೂನಿಟ್ಟಿನ ಖರ್ಚು ಹೊರಬಲ್ಲವರಾದರೆ ಸ್ಟ್ಯಾಕ್ಸ್. ಎರಡೂ ಬಗೆಯ ಸಂಗೀತ ಸಮಪಾಲಾಗಿದ್ದರೆ ಹೈಫೈಮನ್ ಆರ್ಯ ಕೇಳಿನೋಡಿ, ಗಾಯನ ತುಸು ಹಿಂದೆ ನಿಂತರೂ ಅಡ್ಡಿಯಿಲ್ಲ ಎನ್ನುವುದಾದರೆ ಮಾತ್ರ. ಕಚೇರಿ, ಖಯಾಲ್, ಹಳೆಯ ಮುದ್ರಣಗಳೇ ನಿಮ್ಮ ದಿನನಿತ್ಯದ ಊಟವಾಗಿದ್ದು, ಕೈಯಲ್ಲಿ ಆಗಲೇ ಎಚ್‌ಡಿ 600 ಅಥವಾ 650 ಇದ್ದರೆ, ಮುಂದಿನದು ಬೇಕಾಗಿಲ್ಲ ಎಂದೇ ನನ್ನ ತೀರ್ಪು. ಲಕ್ಷ ಕೊಟ್ಟರೂ ಕಂಠದ ವಿಷಯದಲ್ಲಿ ನಿಮಗೆ ಸಿಗುವ ಹೆಚ್ಚುವರಿ ಬಹಳ ಸಣ್ಣದು.

ಕೊಳ್ಳಲೇಬೇಕೆಂದು ನಿಶ್ಚಯಿಸಿದ್ದರೆ ಅಂಗಡಿಗೆ ಹೋಗುವಾಗ ನಿಮ್ಮದೇ ಮೂರು ಮುದ್ರಣಗಳನ್ನು ಜೇಬಿನಲ್ಲಿಟ್ಟುಕೊಳ್ಳಿ: ಬರೀ ತಂಬೂರಿಯದೊಂದು, ಮೈಕಿನ ಆರ್ಭಟವಿಲ್ಲದ ಗಾಯನ ಒಂದು, ಹಿಸ್ಸು ತುಂಬಿದ ಹಳೆಯದೊಂದು. ಪ್ರತಿ ಹೆಡ್‌ಫೋನನ್ನೂ ಅರ್ಧ ಗಂಟೆಯಾದರೂ ತಲೆಯ ಮೇಲಿಟ್ಟುಕೊಂಡು, ಸದ್ದು ಸಮ ಮಾಡಿಕೊಂಡು ಕೇಳಿ. ಸ್ವಲ್ಪ ಗಟ್ಟಿಯಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸಿಬಿಡುತ್ತದೆ. ಮನೆಯಲ್ಲಿರುವ ಹಳೆಯದನ್ನೂ ಜೊತೆಗೆ ಒಯ್ಯಿರಿ. ಒಯ್ಯುವ ಮೊದಲು ಅದರ ಇಯರ್‌ಪ್ಯಾಡುಗಳನ್ನು ಬದಲಿಸಿ. ವರ್ಷಗಟ್ಟಲೆ ಬಳಸಿ ಚಪ್ಪಟೆಯಾದ ಪ್ಯಾಡಿನಿಂದ ಡ್ರೈವರ್ ಕಿವಿಗೆ ಹತ್ತಿರವಾಗಿ ನಾದವೇ ಬದಲಾಗಿರುತ್ತದೆ. ಕೆಲವು ಸಾವಿರ ರೂಪಾಯಿಯ ಹೊಸ ಪ್ಯಾಡು ಹಾಕಿದ ಮೇಲೆ ಹಳೆಯ ಹೆಡ್‌ಫೋನೇ ಮತ್ತೆ ಸಾಕೆನ್ನಿಸಿದವರು ಬೇಕಾದಷ್ಟಿದ್ದಾರೆ.